ಬ್ರಷ್ಷು ಬೋಳಾದ ಕಾಲ

ಇವತ್ತು ಬೆಳಗ್ಗೆ ಗಡ್ಡಕ್ಕೆ ನೊರೆ ಹಚ್ಚುವಾಗ ಬ್ರಷ್ಷಿನ ಕೂದಲು ಕೆನ್ನೆಗಂಟಿದವು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅದರಾಗ ಇನ್ನೇನು ಉಳದೈತ್ರಿ? ಹೊಸಾದು ತರ್ರಿ" ಎಂದಳು. ಬ್ರಷ್ಷು ಯಾವಾಗ ಬದಲಿಸಬೇಕೆಂಬುದು ಯಾರಿಗೆ ಗೊತ್ತಿಲ್ಲ ಹೇಳಿ? ಕೂದಲು ಉದುರತೊಡಗಿತು, ಎಷ್ಟು ತಿರುವಿದರೂ ನೊರೆ ಏಳಲಿಲ್ಲ ಎಂದರೆ ಅದರ ಕಥೆ ಮುಗಿಯಿತು. ಆದರೂ ಹೊಸದನ್ನು ಕೊಳ್ಳಲು ನನಗೆ ಕೈ ಬರುವುದಿಲ್ಲ. ಕಾರಣ ಹೇಳುತ್ತೇನೆ, ನಗಬೇಡಿ.

ಎಪ್ಪತ್ತರ ದಶಕ. ಕುರುಗೋಡಿನವನಾದ ನಾನು ಬಳ್ಳಾರಿಯ ಕಚೇರಿಯೊಂದರಲ್ಲಿ ಗುಮಾಸ್ತ. ಗಾಂಧಿನಗರದಲ್ಲಿ ಬಾಡಿಗೆ ಮನೆ. ನಮ್ಮ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮತ್ತೆ ಬಸಿರಾದಾಗ ಹೆಂಡತಿ ನನ್ನ ಮುಖ ನೋಡದೆ ಹೇಳಿದಳು: "ಈ ಸಲ ಹೆರೋತನಕ ಗಡ್ಡ ತಗೀಬ್ಯಾಡ್ರಿ." ಹಿರಿಯರು ಪಾಲಿಸುತ್ತಿದ್ದ ಪದ್ಧತಿ. ನಾನು ಒಲ್ಲೆ ಎನ್ನಲಿಲ್ಲ. ಸಿರುಗುಪ್ಪದಲ್ಲಿ ಮೇಷ್ಟ್ರಾಗಿದ್ದ ಮಾವನಿಗೆ ಮಾತ್ರ ಇಂಥದ್ದೆಲ್ಲ ಆಗದು; ಕೆನ್ನೆ ನುಣ್ಣಗಾಗದೆ ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ. ಸೀಮಂತದ ಕುಬಸ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವಾಗ ನನ್ನ ಗಡ್ಡ ನೋಡಿ ಬಿದ್ದು ಬಿದ್ದು ನಕ್ಕರು. "ಏನಳಿಯಂದ್ರ, ಓದಿದೋರಾಗಿ ನೀವೂ ಹಿಂಗ? ನಿಮ್ಮ ಗಡ್ಡಕ್ಕೂ ಆಕಿ ಹೊಟ್ಟಿಗೂ ಏನ್ ಸಂಬಂಧ್ರಿ?"

ಅವಳು ಹೋದ ಮೇಲೆ ಮನೆ ಬಿಕೋ ಎಂದಿತು. ಹೋಗಿ ನೋಡೋಣವೆಂದರೆ ರಜೆಯಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬೆಳಗಾದರೆ ಕೈ ತಾನಾಗಿ ಬ್ರಷ್ ಹಿಡಿಯುತ್ತಿತ್ತು. ಬಟ್ಟಲಲ್ಲಿ ಸಾಬೂನಿನ ನೊರೆ ಎಬ್ಬಿಸುವುದು, ಚೆಲ್ಲುವುದು, ಮತ್ತೆ ಎಬ್ಬಿಸುವುದು. ಗಡ್ಡ ತೆಗೆಯದೆಯೇ ಬ್ರಷ್ ಸವೆಸಿದ ಮಹಾನುಭಾವ ಇಡೀ ಬಳ್ಳಾರಿಯಲ್ಲಿ ನಾನೊಬ್ಬನೇ ಇರಬೇಕು! ಅದು ಬೋಳಾದಾಗ ಬ್ರೂಸ್‌ಪೇಟೆಗೆ ಹೋಗಿ ಹೊಸದನ್ನು ಎತ್ತಿಕೊಂಡೆ, ಅಂಗೈಗೆ ಉಜ್ಜಿ ನೋಡಿದೆ, ಇಟ್ಟುಬಿಟ್ಟೆ. ಹುಟ್ಟುವ ಮೊದಲೇ ಕೂಸಿಗೆ ಅಂಗಿ ಹೊಲಿಸುವುದಿಲ್ಲವಲ್ಲ, ಹಾಗೆ. ಅಂಗಡಿಯವನು, "ಈ ಗಡ್ಡಕ್ಕ ಬ್ರಷ್ ಯಾಕ್ರಿ ಸ್ವಾಮಿ, ಕತ್ರಿ ತಗೊಳ್ರಿ" ಎಂದ. ಮೈಯೆಲ್ಲ ಉರಿದುಹೋಯಿತು.

ಒಂದು ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ಮುಖ ತುಂಬ ಬಿಳಿ ಗಡ್ಡದ ಮುದುಕರೊಬ್ಬರು ನಿಂತಿದ್ದರು. "ಅಳಿಯಂದ್ರ, ಹೆಣ್ಣು. ತಾಯಿ ಮಗಳು ಇಬ್ರೂ ಆರಾಮದಾರ" ಎಂದಾಗ ದನಿಯಿಂದ ಗುರುತು ಹತ್ತಿತು. ಮಾವ! ನಾನು ಗಡ್ಡವನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ತಲೆ ತಗ್ಗಿಸಿ, "ಸಿರುಗುಪ್ಪದಾಗ ಈಗ ಒಳ್ಳೆ ಬ್ಲೇಡ್ ಸಿಗವಲ್ದು" ಎಂದರು. ನೆಟ್ಟಗೆ ಬ್ರೂಸ್‌ಪೇಟೆಗೆ ಹೋಗಿ ಬ್ರಷ್ ತಂದೆವು. ಕತ್ತರಿ ಆಡಿಸಿ, ಮೊದಲು ಅವರ ಕೆನ್ನೆಗೇ ನೊರೆ ಹಚ್ಚಿದೆ. ಇಬ್ಬರಿಗೂ ಅಳು ತಡೆಯಲಾಗಲಿಲ್ಲ. ಇಂದಿಗೂ ಅಂಗಡಿಯಲ್ಲಿ ಹೊಸ ಬ್ರಷ್ ಮುಟ್ಟಿದರೆ ಆ ತಿಂಗಳುಗಳ ಅಂಜಿಕೆ ಮರಳುತ್ತದೆ.

ಮಾವ ತೀರಿಕೊಂಡು ವರ್ಷಗಳಾದವು, ಇನ್ನೇಕೆ ಮುಚ್ಚುಮರೆ ಎಂದು ಇವತ್ತು ಹೆಂಡತಿಗೆ ಹೇಳಿದೆ: "ನಿಮ್ಮಪ್ಪ ಅವತ್ತು ಬ್ಲೇಡ್ ಸಿಗವಲ್ದು ಅಂದದ್ದು ಸುಳ್ಳು."

"ನನಗ ಗೊತ್ತಿಲ್ಲೇನ್ರಿ? ನನಗೂ ಹಂಗ ಅಂದಿದ್ದ. ನಾನು ಬ್ಲೇಡ್ ತರಿಸಿ ಕೊಟ್ಟೆ. ಮರುದಿನ, ಬ್ರಷ್ ಕಳದೈತಿ ಅಂದ." ಅವಳು ನಗಲಿಲ್ಲ. "ಅಪ್ಪನ ಗಡ್ಡ ನೋಡಿನ ನನಗ ಜೀವ ಹಾರಿತ್ತು. ಏನೂ ನಂಬದ ಮನುಷ್ಯಾ ಅಂಜ್ಯಾನಲ್ಲ ಅಂತ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ಕೆನ್ನೆಯ ನೊರೆ ಒರೆಸಿಕೊಂಡೆ. ಆಮೇಲೆ ಚಪ್ಪಲಿ ಮೆಟ್ಟಿ ಬ್ರಷ್ ತರಲು ಹೊರಟೆ.