ಬಾಳೆನಾರಿನ ಹಾರ

ಸರಸ್ವತಿಪುರಂನ ಬಸ್ಸು ನಿಲ್ಲುವ ಮೂಲೆಯಲ್ಲಿ ಮಾದೇವಮ್ಮ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಳೆಂದರೆ, ಅವಳೆದುರು ಚೌಕಾಸಿ ಮಾಡಲು ಗಂಡಸರಿಗೂ ಗುಂಡಿಗೆ ಬೇಕಾಗಿತ್ತು. "ಬೇಕಾದ್ರೆ ತಗೊ, ಬ್ಯಾಡ್ದಿದ್ರೆ ಮೂಸ್ಬ್ಯಾಡ" ಎಂದುಬಿಡುವಳು. ಬೈಸಿಕೊಂಡವರೇ ಮಾರನೆಯ ದಿನ ಮತ್ತೆ ಬರುತ್ತಿದ್ದರು. ಅವಳು ಕಟ್ಟಿದ ಹೂವು ಹಾಗಿರುತ್ತಿತ್ತು.

ಹೂ ಕಟ್ಟುವುದನ್ನು ಅವಳು ಕಲಿತದ್ದು ಅಪ್ಪ ಕೆಂಪಯ್ಯನ ಹತ್ತಿರ. ಕೆಂಪಯ್ಯ ಜಟಕಾ ಹೊಡೆಯುತ್ತಿದ್ದವನು. ದಸರೆ ಬಂದರೆ ಮಗಳ ಕೈಯಲ್ಲಿ ಕುದುರೆಗೆ ಹಾರ ಕಟ್ಟಿಸುವನು. ಆದರೆ ದಾರ, ಹುರಿ ಯಾವುದನ್ನೂ ಮುಟ್ಟಗೊಡುತ್ತಿರಲಿಲ್ಲ. ನೆನೆಸಿದ ಬಾಳೆನಾರೇ ಆಗಬೇಕು. "ಕಾಲ್ಗೋ ಚಕ್ರಕ್ಕೋ ಸಿಕ್ಕಾಕಂಡ್ರೆ ಹಾರ ಕಿತ್ತೋಗ್ಬೇಕು ಕಣಮ್ಮ, ಕುದ್ರೆ ಬೀಳ್ಬಾರ್ದು" ಎನ್ನುವನು. ಅಪ್ಪ ಹೋದ, ಜಟಕಾನೂ ಹೋಯಿತು. ಬೀದಿಯಲ್ಲಿ ಮೋಟರ್ ಸೈಕಲ್ಲುಗಳ ಸದ್ದು ಶುರುವಾಯಿತು. ಅಂಥದ್ದೊಂದು ತನ್ನ ಮನೆ ಬಾಗಿಲಿಗೇ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ತಂದವನು ಮಗ ಚೆಲುವರಾಜು. ಲೇತ್ ಮಿಷಿನ್ ಕೆಲಸಕ್ಕೆ ಸೇರಿ ಮದುವೆಯನ್ನೂ ಮಾಡಿಕೊಂಡಿದ್ದ. ಗೌರಿ ಹಬ್ಬ ಕಳೆದ ಮೇಲೆ ಗಾಡಿ ಬಂತು. ಗೆಳೆಯ ಶಿವಮಲ್ಲಪ್ಪ ಮೈದಾನದಲ್ಲಿ ನಾಲ್ಕು ಸುತ್ತು ಹೊಡೆಸಿ, "ಮುಗೀತು ಬುಡು, ಇನ್ನು ನೀನೇ ರಾಜ" ಎಂದುಬಿಟ್ಟ. ಬಂತಲ್ಲ ಕೊಂಬು! ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಕ್ರಾಪು ತೀಡಿಕೊಳ್ಳುತ್ತಾ ತಾಯಿಯ ಬುಟ್ಟಿಯ ಮುಂದೆಯೇ ಹಾಯ್ದುಹೋಗುವನು. ಹೊಸದಾಗಿ ಗಾಡಿ ಹತ್ತಿದವರಿಗೆ ನೆಲ ಗಟ್ಟಿಯಿದೆ ಅನ್ನುವುದು ಬಿದ್ದ ಮೇಲೇ ನೆನಪಾಗುವುದು.

ಆಯುಧಪೂಜೆಯ ದಿನ ಇಲವಾಲದಲ್ಲಿ ಸೊಸೆ ಸುಮಿತ್ರಳ ತವರಿನವರು ಊಟಕ್ಕೆ ಕರೆದಿದ್ದರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಾವನ ಮನೆಯ ಮುಂದೆ ಗಾಡಿ ನಿಲ್ಲಿಸಬೇಕೆಂಬುದು ಚೆಲುವರಾಜುವಿನ ಆಸೆ. ಮಾದೇವಮ್ಮ ಹಬ್ಬದ ವ್ಯಾಪಾರ ಮುಗಿಸಿ ಮನೆಗೆ ಬರುವಷ್ಟರಲ್ಲಿ ಪೂಜೆ ಆಗಿಹೋಗಿತ್ತು. ಗಾಡಿಯ ದೀಪದ ಗಾಜಿನ ತುಂಬ ಅರಿಶಿನ ಕುಂಕುಮ. ಶಿವಮಲ್ಲಪ್ಪ ತಂದ ತೋಳು ಗಾತ್ರದ ಚೆಂಡುಹೂವಿನ ಹಾರ ಹ್ಯಾಂಡಲಿಗೆ ಎರಡು ಸುತ್ತು ಬಿಗಿದು, ಮುಂಚಕ್ರದ ತನಕ ಇಳಿಬಿದ್ದಿತ್ತು. ಮುಟ್ಟಿ ನೋಡಿದಳು. ಒಳಗೆ ಸೆಣಬಿನ ಹುರಿ.

"ಇದನ್ನ ಬಿಚ್ಚೋ."

"ಪೂಜೆ ಆದ ಹಾರ ಬಿಚ್ಬಾರ್ದು ಅಂತ ಬೀದಿಗೆಲ್ಲಾ ಹೇಳೋಳು ನೀನೇ ಅಲ್ವೇನವ್ವ?"

ಅದು ನಿಜ. ಬಾಡಿ ತಾನಾಗಿ ಉದುರುವ ತನಕ ಪೂಜೆಯ ಹಾರಕ್ಕೆ ಕೈ ಹಚ್ಚಬಾರದೆಂದು ಅವಳು ಎಷ್ಟು ಜನಕ್ಕೆ ಹೇಳಿಲ್ಲ! ಸುಮಿತ್ರ ಹೊಸ ಸೀರೆಯುಟ್ಟು ಬಾಗಿಲಲ್ಲಿ ಕಾಯುತ್ತಿದ್ದಳು. ಇಲವಾಲಕ್ಕೆ ಹೋಗುವ ಹುಣಸೂರು ರಸ್ತೆಯಲ್ಲಿ ನಾಳೆಯ ದಸರೆ ಮೆರವಣಿಗೆ ನೋಡಲು ಬರುವ ಎತ್ತಿನ ಗಾಡಿಗಳ ಸಾಲೇ ಇರುತ್ತದೆ. ಅವುಗಳ ಎದುರಿಗೆ ಈ ಇಬ್ಬರು ಹೋಗಬೇಕು.

"ಸರಿ, ಹೊರಡು. ಮೊದ್ಲು ತಳ್ಕಂಡು ಬೀದಿಗೆ ತಿರುಗ್ಸು, ನೋಡನ."

ಚೆಲುವರಾಜು ನಗುತ್ತಾ ಹ್ಯಾಂಡಲನ್ನು ಪೂರ್ತಿ ತಿರುಗಿಸಿ ತಳ್ಳಿದ. ಹುರಿ ಬ್ರೇಕಿನ ಹಿಡಿಗೆ ಸುತ್ತಿಕೊಂಡಿತು, ಕೆಳಗಿನ ತುದಿ ಚಕ್ರದ ಕಡ್ಡಿಗಳೊಳಗೆ ನುಗ್ಗಿತು. ಚಕ್ರ ಗಕ್ಕನೆ ನಿಂತಿತು. ತಿರುಗಿದ ಹ್ಯಾಂಡಲ್ ವಾಪಸ್ ಬರಲಿಲ್ಲ. ವಾಲಿದ ಗಾಡಿಗೆ ಪೂಜೆಗೆ ಬಂದಿದ್ದ ಶಿವಮಲ್ಲಪ್ಪ ಓಡಿಬಂದು ಭುಜ ಕೊಡದಿದ್ದರೆ ಚೆಲುವರಾಜುವಿನ ಮೊಣಕಾಲು ಅಡಿಗೆ ಹೋಗುತ್ತಿತ್ತು.

"ತಳ್ಳಿದ್ದಕ್ಕೇ ಹಿಂಗೆ. ಓಡ್ಸಿದ್ರೆ?" ಮಾದೇವಮ್ಮನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. "ಲೋ ಶಿವಮಲ್ಲಪ್ಪ, ಗಾಡಿಗೆ ಹಾರ ತಂದ್ಯೋ, ಎತ್ತಿಗೆ ಮೂಗುದಾರ ತಂದ್ಯೋ?"

ಶಿವಮಲ್ಲಪ್ಪ ಬಗ್ಗಿ ಚಕ್ರದೊಳಗಿನ ಹುರಿ ಬಿಡಿಸತೊಡಗಿದ. ಚೆಲುವರಾಜು ಬೆವರು ಒರೆಸಿಕೊಂಡನೇ ಹೊರತು ಸೋಲಲಿಲ್ಲ. "ಕತ್ತರ್ಸಕ್ಕೆ ಬುಡಾಕಿಲ್ಲ ಕಣವ್ವ. ಹೊಸ ಗಾಡಿ, ಅಪಶಕುನ ಆಯ್ತದೆ."

"ದೇವ್ರಿಗೆ ಏರ್ಸಿದ್ದು ಹೂವ್ನಾ, ಹುರೀನಾ?"

ಮಾದೇವಮ್ಮ ಉತ್ತರಕ್ಕೆ ಕಾಯಲಿಲ್ಲ. ಜಗಲಿಯ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಒಂದು ಹೂವೂ ನೆಲಕ್ಕೆ ಬೀಳದಂತೆ ಹಾರ ಬಿಚ್ಚಿದಳು. ಅದೇ ಹೂಗಳನ್ನು ನೆನೆದ ಬಾಳೆನಾರಿನಲ್ಲಿ ಸರಸರನೆ ಕಟ್ಟಿದಳು. ಸುಮಿತ್ರಳೂ ಪಕ್ಕದಲ್ಲಿ ಕೂತು ನಾರು ಸೀಳಿಕೊಟ್ಟಳು. ಮೋಟು ಹಾರವೊಂದು ಹ್ಯಾಂಡಲಿನಿಂದ ಇಳಿದು ದೀಪದ ಸುತ್ತ ಕೂತಿತು. ಗಾಜಿನ ಮೇಲಿನ ಕುಂಕುಮವನ್ನು ಸೆರಗಿನಲ್ಲಿ ಒರೆಸಿ ದೀಪದ ನೆತ್ತಿಯ ಮೇಲೊಂದು ಬೊಟ್ಟು ಉಳಿಸಿದಳು. ಮಿಕ್ಕ ಹೂವನ್ನು ದೇವರ ಪಟಕ್ಕೆ ಹಾಕಿದಳು. ಅಷ್ಟಕ್ಕೇ ಬಿಟ್ಟಳೇ? "ಆ ಪಂಚೆ ಬಿಚ್ಚಾಕಿ ಪ್ಯಾಂಟ್ ತೊಡು, ಚೈನಿಗೆ ಕೊಡ್ಬೇಡ. ಸುಮಿತ್ರಾ, ಸೆರಗ ಸೊಂಟಕ್ಕೆ ಸಿಗ್ಸು, ಗಾಳೀಗ್ ಬುಡ್ಬೇಡ. ಕತ್ಲೆ ಆಗೋಕ್ ಮುಂಚೆ ಬಂದ್ಬುಡಿ."

ಗಾಡಿಯ ಸದ್ದು ಸಣ್ಣದಾಗಿ ನಿಂತ ಮೇಲೂ ಅವಳು ಬಾಗಿಲು ಬಿಡಲಿಲ್ಲ. ಕೈಗೆ ಕೆಲಸವಿರಲೆಂದು ಆ ಹುರಿಯನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡಿದಳು. ಬೆರಳು ಕೆಂಪಾಯಿತು, ಹುರಿ ಜಗ್ಗಲಿಲ್ಲ.

ಹೊತ್ತು ಮುಳುಗುವ ಮೊದಲೇ ಗಾಡಿ ಬಂದು ನಿಂತಿತು. ದೀಪದ ಮೇಲೆ ಹಾರವಿರಲಿಲ್ಲ. ಹ್ಯಾಂಡಲಿನಲ್ಲಿ ನಾರಿನ ಎಳೆಯೊಂದು ನೇತಾಡುತ್ತಿತ್ತು.

"ಎಲ್ಲೋ ಹಾರ?"

ಚೆಲುವರಾಜು ಗಾಡಿಗೆ ಸ್ಟ್ಯಾಂಡ್ ಹಾಕುವುದರಲ್ಲೇ ಮುಳುಗಿದ್ದ. ಹೇಳಿದವಳು ಸುಮಿತ್ರ. "ಎತ್ತಿನ ಗಾಡಿ ಸಾಲಿಂದ ಕರು ನುಗ್ಬುಡ್ತು ಅತ್ತೆ. ಇವ್ರು ಗಕ್ನೆ ತಿರುಗ್ಸುದ್ರು. ಹಾರ ಜಾರಿ ಬ್ರೇಕಿಗೆ ಸಿಕ್ಕಾಕ್ಕೊಂತು. ಪಟ್ ಅಂತ ಕಿತ್ತೋಯ್ತು. ಬ್ರೇಕ್ ಹಿಡ್ಕಂತು, ಗಾಡಿ ನಿಂತ್ಕತು."

ಮಾದೇವಮ್ಮ ಮಗನ ಮೊಣಕಾಲು, ಸೊಸೆಯ ಮೊಣಕೈ ಎಲ್ಲವನ್ನೂ ತಿರುಗಿಸಿ ನೋಡಿದಳು. ಒಂದು ತರಚೂ ಇರಲಿಲ್ಲ. ಆಮೇಲೆಯೇ ಅವಳಿಗೆ ಸಿಟ್ಟು ಬಂದದ್ದು. "ಕರು ಕಾಣೋ ತಂಕ ಕಣ್ಣೆಲ್ಲಿತ್ತೋ? ನಾಳೆಯಿಂದ ಇನ್ನೊಂದ್ ತಿಂಗ್ಳು ಒಬ್ನೇ ಓಡ್ಸು. ಹಿಂದೆ ಯಾರ್ನೂ ಕೂರುಸ್ಬ್ಯಾಡ."

"ಆಯ್ತು ಕಣವ್ವ" ಎಂದ ಚೆಲುವರಾಜು. ಆ ಗಾಡಿ ಬಂದ ಮೇಲೆ ಅವನು ಎದುರಾಡದೆ ಒಪ್ಪಿದ್ದು ಅದೇ ಮೊದಲು.

ಮುಂದಿನ ದಸರೆಯ ಹೊತ್ತಿಗೆ ಬೀದಿಯಲ್ಲಿ ಗಾಡಿಗಳು ಹೆಚ್ಚಿದ್ದವು. ಹಾರ ಕೇಳಿದ ಹುಡುಗರನ್ನೆಲ್ಲ ಮಾದೇವಮ್ಮ "ದೇವ್ರಿಗೋ, ಗಾಡಿಗೋ?" ಎಂದು ವಿಚಾರಿಸುತ್ತಿದ್ದಳು. ಗಾಡಿಗಾದರೆ ಮೋಟು ಹಾರ, ಅದೂ ಬಾಳೆನಾರಿನದು. ಕಪ್ಪು ಕನ್ನಡಕದ ಹುಡುಗನೊಬ್ಬ ಎಳೆದು ನೋಡಿ ಮೂಗು ಮುರಿದ.

"ಏನಮ್ಮಾ ಇದು, ಎಳುದ್ರೆ ಕಿತ್ತೋಯ್ತದೆ?"

"ಕಿತ್ತೋಗ್ಲಿ ಅಂತ್ಲೇ ಕಟ್ಟಿರೋದು ಕಣಪ್ಪ" ಎಂದಳು ಮಾದೇವಮ್ಮ. "ಎಳ್ದು ಹಾಳ್ಮಾಡ್ಬುಟ್ಟೆ, ಇನ್ನೊಂದು ಕಟ್ತೀನಿ. ನಿಂತ್ಕೊ."