ಮೂರನೆಯ ಕೂಗು

ಇಲ್ಲಿ ಕೆರೆ ನರಳುತ್ತದೆ. ಸುಳ್ಳಲ್ಲ. ಬಿಸಿಲಿಗೆ ಚೂರು ಕಾವು ಬಂತೆಂದರೆ ಸಾಕು, ಆರು ತಿಂಗಳು ಕಲ್ಲಾಗಿ ಬಿದ್ದಿದ್ದ ನೀರು ಒಳಗಿಂದಲೇ ಬಿರಿಯತೊಡಗುತ್ತದೆ. ಒಮ್ಮೆ ಹೆರಿಗೆ ನೋವಿಗೆ ಹೆಂಗಸು ನರಳಿದಂತೆ, ಒಮ್ಮೆ ದೂರದಲ್ಲಿ ಯಾರೋ ಕರೆದಂತೆ. ಬಂದ ಮೊದಲ ವರ್ಷ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಅಡುಗೆ ಮಾಡಿದೆ.

ಕೆನಡಾದ ಉತ್ತರದ ಈ ಜಾಗವನ್ನು ಪಾರ್ಕ್ ಎನ್ನುತ್ತಾರೆ. ಕಲ್ಲುಬೆಂಚು, ಕಾರಂಜಿ ಎಂದುಕೊಂಡೀರಿ. ಕಡೂರು, ತರೀಕೆರೆ ಎರಡೂ ತಾಲ್ಲೂಕು ತಂದು ಸುರಿದರೂ ತುಂಬದಷ್ಟು ಕಾಡು. ನಮ್ಮ ಮನೆಯವರಿಗೆ ಇಲ್ಲಿ ಹಿಮ ಅಳೆದು ಬರೆದಿಡುವ ನೌಕರಿ. ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದಿಂದ ನನ್ನನ್ನೂ ಕರೆತಂದರು. ಮರದ ಮನೆ, ಹತ್ತಿರದ ನೆರೆಮನೆಗೆ ಅರ್ಧ ದಿನದ ದಾರಿ. ರಾಗಿ ಇಲ್ಲದೆ ಗೋಧಿಹಿಟ್ಟಿನಲ್ಲಿ ಮುದ್ದೆ ತೊಳಸಿದೆ. ಅದು ಗೋಡೆಗೆ ಕಾಗದ ಅಂಟಿಸುವುದಕ್ಕೆ ಲಾಯಕ್ಕಾಗಿತ್ತು, ಪಾಪ, ಇವರು ತಟ್ಟೆ ಬಳಿದು ಉಂಡರು. ಊಟಕ್ಕೆ ಹೇಗೋ ಬದಲಿ ಸಿಕ್ಕಿತು, ಮಾತಿಗೆ ಸಿಗಲಿಲ್ಲ.

ಊರಲ್ಲಿ ಹೊಂಗೆ ಚಿಗುರಿ ಯುಗಾದಿ ಮುಗಿದ ಮೇಲೆ ಇಲ್ಲಿ ‘ಬ್ರೇಕಪ್’, ಅಂದರೆ ಹೆಪ್ಪುಗಟ್ಟಿದ ಕೆರೆ ಒಡೆಯುವ ಕಾಲ. ವಸಂತ ಎನ್ನುತ್ತಾರೆ, ಆದರೆ ಒಂದು ಚಿಗುರಿಲ್ಲ, ಒಂದು ಹಕ್ಕಿಯಿಲ್ಲ. ಮೇಲೆ ನೋಡಿದರೆ ಐಸು ಗಟ್ಟಿ, ಒಳಗೆ ಪೊಳ್ಳು. ಆ ಕಾಲದಲ್ಲಿ ಐಸು ಒಡೆದು ಬಿದ್ದವರಿಗೆ ಚಾಚಲು ದಡದಲ್ಲಿ ಒಂದು ಉದ್ದನೆಯ ಏಣಿ ಇಟ್ಟಿರುತ್ತಾರೆ.

ಎರಡನೆಯ ವರ್ಷದ ಅಂಥದೊಂದು ಮಟಮಟ ಮಧ್ಯಾಹ್ನ. ಇವರು ಆಚೆ ದಡದ ಅಳತೆಗೋಲು ನೋಡಲು ಹೋಗಿದ್ದರು. ಕೆರೆಯ ಮೇಲೆ ಮಂಜು ಎದ್ದು ಅಂಗಳದ ಬೇಲಿಯೂ ಕಾಣುತ್ತಿರಲಿಲ್ಲ. ಆ ಬಿಳುಪಿನೊಳಗಿಂದ, “ಗಿರಿಜಾ.”

ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಇವರು ನನ್ನ ಹೆಸರು ಹಿಡಿದವರಲ್ಲ. “ಲೇ”, “ಇವಳೇ”, ಅಷ್ಟೇ. ಮತ್ತೆ ಇನ್ಯಾರು? ಮಧ್ಯಾಹ್ನ ಹೆಸರು ಹಿಡಿದು ಕೂಗಿದರೆ ಓಗೊಡಬಾರದು, ದೆವ್ವಕ್ಕೆ ಎರಡೇ ಕೂಗು, ಮೂರನೆಯದು ಮನುಷ್ಯರದು ಎಂದು ಊರಲ್ಲಿ ಅವ್ವ ಹೇಳಿಕೊಟ್ಟಿದ್ದಳು. ಎರಡನೆಯ ಸಲವೂ ಬಂತು. ನಾನು ಬಾಗಿಲ ಚಿಲಕ ಹಿಡಿದು ನಿಂತೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೆರೆ ಮಾತ್ರ ನರಳುತ್ತಿತ್ತು.

ಮೂರನೆಯದು ಕೂಗೇ ಅಲ್ಲ, ಉಸಿರು. ಓಡಿದೆ. ದಡಕ್ಕೆ ಹತ್ತಿರದಲ್ಲೇ ಐಸು ಒಡೆದು ಎದೆಮಟ್ಟ ಮುಳುಗಿದ್ದರು. ಹೊಟ್ಟೆಯ ಮೇಲೆ ಮಲಗಿ ಏಣಿ ತಳ್ಳಿದೆ. ಹೇಗೆ ಎಳೆದೆನೋ ಆ ದೇವರಿಗೇ ಗೊತ್ತು. ಎಡಗಾಲಿನ ಎರಡು ಬೆರಳು ಚಳಿಗೆ ಮರಗಟ್ಟಿ ಹೋದವು, ಜೀವ ಉಳಿಯಿತು.

ನಾಲ್ಕು ದಿನ ಬಿಟ್ಟು ಅಳುತ್ತಾ ಒಪ್ಪಿಕೊಂಡೆ. “ಮೊದಲ್ನೇದೇ ಕೇಳಿಸ್ತು ಕಣ್ರೀ. ಹೆಸ್ರು ಕೂಗಿದ್ರಲ್ಲ, ನೀವಲ್ಲ ಅಂದ್ಕೊಂಡೆ.”

ಇವರು ಕಂಬಳಿಯೊಳಗಿಂದ ನಕ್ಕರು. “ನಂಗೊತ್ತಿಲ್ವೇನೇ? ಎರಡು ಕೂಗಿದ್ಮೇಲೆ ಉಸ್ರು ಇನ್ನೊಂದು ಕೂಗಿಗೆ ಮಾತ್ರ ಇತ್ತು. ಮೂರಾಗ್ದೆ ನೀನು ಬರಲ್ಲ ಅಂತ ಅದನ್ನ ಹಿಡ್ಕೊಂಡಿದ್ದೆ. ಅಜ್ಜಂಪುರದೋಳಲ್ವಾ ನೀನು.”

ಬೈದಿದ್ದರೆ ವಾಸಿಯಿತ್ತು. ಅವತ್ತಿನಿಂದ ಕೆರೆ ನರಳಿದರೂ ಸರಿ, ನಾನು ಹೊರಗೆ ಹೋಗಿ ಓಗೊಟ್ಟು ಬರುತ್ತೇನೆ.

ಕೆಲವು ವರ್ಷಗಳಾದ ಮೇಲೆ ಊರಿಗೆ ಹೋಗಿದ್ದೆ. ನೆತ್ತಿಯ ಮೇಲೆ ಬಿಸಿಲು. ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬೀದಿಯಿಂದ ಯಾರೋ “ಗಿರಿಜಾ” ಎಂದರು. “ಬಂದೆ” ಎಂದು ಬಾಗಿಲು ತೆಗೆದೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಯಾರೂ ಇರಲಿಲ್ಲ.

“ಒಂದೇ ಕೂಗಿಗೆ ಓಗೊಟ್ಯೇನೇ?” ಅವ್ವ ಹುಣಸೆಹಣ್ಣು ಕೆಳಗಿಟ್ಟಳು.

“ಇನ್ನೆರಡು ಕೂಗೋಷ್ಟು ಉಸಿರು ಅವರತ್ರ ಇಲ್ದೆ ಹೋದ್ರೆ ಏನ್ ಮಾಡ್ಲವ್ವ?”

ಅವ್ವ ನನ್ನನ್ನು ಯಾರೋ ಹೊರಗಿನವಳನ್ನು ನೋಡುವಂತೆ ನೋಡಿದಳು. ಎದ್ದು ಬಾಗಿಲು ಮುಚ್ಚಿ ಅಗಳಿ ಹಾಕಿದಳು. ನಾನು ಕಿಟಕಿಯಲ್ಲಿ ನಿಂತು, ಮತ್ತೆ ಕರೆಯುತ್ತಾರೇನೋ ಎಂದು ಕೇಳುತ್ತಿದ್ದೆ.