ಒಂದೇ ನಮೂನೆಯ ಅರ್ಜಿ

ಬಿಸಿಯೂಟದ ಅಡುಗೆಯವಳ ಮಗಳು ಸರ್ಕಾರಿ ಕುರ್ಚಿಯ ಮೇಲೆ ಕೂಡುವುದು ಆಗದ ಮಾತು ಎಂದಿದ್ದವನು ನಮ್ಮ ಸೋದರಮಾವ. ಮುಡಬಿಯ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈಗ ಬಸವಕಲ್ಯಾಣದಲ್ಲಿ ಜನನ ಮರಣ ದಾಖಲಿಸುವ ಮೇಜಿನ ಹಿಂದೆ ಕೂಡುತ್ತೇನೆ. ಹೋದ ತಿಂಗಳು ಆ ಮೇಜಿಗೆ ಒಂದು ಅರ್ಜಿ ಬಂತು. ಹಳೆಯ ಟೈಪ್‌ರೈಟರಿನಲ್ಲಿ ಬಡಿದದ್ದು, ಜೊತೆಗೆ ಅದರ ಕಾರ್ಬನ್ ಪ್ರತಿ. ಮಡಿಕೆ ಬಿಚ್ಚಿದೊಡನೆ ಕಾರ್ಬನ್ನಿನ ಆ ಎಣ್ಣೆ ವಾಸನೆ...

ಮರಣ ಪ್ರಮಾಣಪತ್ರ ಕೋರಿದ ಅರ್ಜಿ. ಹೆಸರು, ತಂದೆಯ ಹೆಸರು, ವಿಳಾಸ ಎಲ್ಲ ಟೈಪಾಗಿತ್ತು. ಸತ್ತ ತಾರೀಖನ್ನು ಮಾತ್ರ ಯಾರೋ ಆಮೇಲೆ ಪೆನ್ನಿನಲ್ಲಿ ತುಂಬಿದ್ದರು. ಸತ್ತವರೇ ಬದುಕಿದ್ದಾಗ ಟೈಪ್ ಮಾಡಿಟ್ಟ ಅರ್ಜಿ ಅದು! ತನ್ನ ಸಾವಿನ ಕಾಗದವನ್ನೂ ಇನ್ನೊಬ್ಬರ ಕೈಗೆ ಬಿಡದ ಮನುಷ್ಯ ಈ ಊರಿನಲ್ಲಿ ಒಬ್ಬರೇ ಇದ್ದರು.

ಟೈಪ್ ಕಾಕಾ ಎನ್ನುತ್ತಿದ್ದೆವು. ತಹಸೀಲ್ ಕಚೇರಿಯ ಗೋಡೆಗೆ ಆನಿಸಿದ ತಗಡಿನ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದರು. ನನ್ನ ಓದಿಗೆ ಬೇಕಾದ ಜಾತಿ, ಆದಾಯದ ಅರ್ಜಿಗಳೆಲ್ಲ ಅವರ ಬೆರಳಿನಿಂದಲೇ ಆದವು. ಯಾರನ್ನೂ ನಂಬುತ್ತಿರಲಿಲ್ಲ. ಸಹಿ ಮಾಡಲು ಪೆನ್ನು ಕೇಳಿದರೆ ಅದರ ಟೊಪ್ಪಿಗೆ ತಮ್ಮ ಕೈಯಲ್ಲೇ ಇಟ್ಟುಕೊಂಡು ಕೊಡುತ್ತಿದ್ದರು. ಸೀಲು ಹಾಕಿಸಿಕೊಂಡು ಬಂದರೆ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ನಾನು ಬಿ.ಎ. ಮುಗಿಸಿದ ವರ್ಷ ದೂರದ ಜಿಲ್ಲೆಯ ಶಾಸಕರೊಬ್ಬರು ಇಡೀ ರಾಜ್ಯಕ್ಕೆ ಅನ್ವಯಿಸುವ ಯೋಜನೆಯೊಂದನ್ನು ಸದನದ ಮುಂದೆ ತಂದರು. ಬಿಸಿಯೂಟದ ಅಡುಗೆಯವರು ತಮಗೆ ಬರುವ ಗೌರವಧನದಲ್ಲಿ ಪ್ರತಿ ತಿಂಗಳೂ ಒಂದು ಪಾಲನ್ನು ಖಾಸಗಿ ಕಂಪನಿಯ ಖಾತೆಗೆ ಹಾಕಬೇಕು. ಮುಪ್ಪಿನಲ್ಲಿ ಮಾರುಕಟ್ಟೆ ಏರಿದ್ದರೆ ಹೆಚ್ಚು, ಬಿದ್ದಿದ್ದರೆ ಕಡಿಮೆ. ಸರ್ಕಾರದ ಪಿಂಚಣಿಯನ್ನು ಮಾತ್ರ ಇನ್ನು ಕೇಳುವ ಹಾಗಿಲ್ಲ. ನಮ್ಮವ್ವನ ಮೊಣಕಾಲು ಆಗಲೇ ಸೋತಿದ್ದವು. ದೊಡ್ಡ ಪಾತೇಲಿ ಇಳಿಸುವಾಗ ಗೋಡೆ ಹಿಡಿಯುತ್ತಿದ್ದಳು. ಎಂದಾದರೂ ಪಿಂಚಣಿ ಬಂದೀತು ಎಂಬ ಒಂದೇ ಆಸೆಯ ಮೇಲೆ ಅಷ್ಟು ವರ್ಷ ಆ ಒಲೆಯ ಮುಂದೆ ನಿಂತಿದ್ದಳು.

ಆಕ್ಷೇಪಣೆ ಇದ್ದವರು ಬರೆದು ಕೊಡಬೇಕು, ಹುಮನಾಬಾದಿನಲ್ಲಿ ವಿಚಾರಣೆ ಎಂದು ನೋಟಿಸು ಬಂತು. ಬಸವಕಲ್ಯಾಣ, ಹುಮನಾಬಾದ ಎರಡೂ ತಾಲೂಕಿನ ಅಡುಗೆಯವರು ಟೈಪ್ ಕಾಕಾನ ತಗಡಿನ ಮುಂದೆ ಸೇರಿದರು. ನಾನೂ ಹೋದೆ, ಕೈಯಲ್ಲಿ ನಾನೇ ಬರೆದ ಅರ್ಜಿ ಹಿಡಿದುಕೊಂಡು. ಸಾಮಾಜಿಕ ಭದ್ರತೆ, ಸಂವಿಧಾನದ ಆಶಯ, ಎಲ್ಲ ಹಾಕಿದ್ದೆ. ಅದನ್ನೇ ಝೆರಾಕ್ಸ್ ಮಾಡಿಸಿ ಎಲ್ಲರೂ ಸಹಿ ಮಾಡಿದರಾಯಿತು ಎಂದೆ.

ಕಾಕಾ ಅದನ್ನು ಪೂರ್ತಿ ಓದಿ ವಾಪಸ್ ಕೊಟ್ಟರು. "ಒಂದೇ ನಮೂನಿದ್ದು ಸಾವಿರ ಹಾಕ್ರಿ, ಅವರು ಒಂದೇ ಅಂತ ಬರಕೋತಾರ. ಒಬ್ಬೊಬ್ಬರು ನಿಮ್ಮ ಬಾಯಿಲೆ ಹೇಳ್ರಿ. ಹ್ಯಾಂಗ ಹೇಳ್ತೀರಿ, ನಾ ಹಂಗೇ ಬಡೀತೀನಿ."

ನನಗೆ ರೇಗಿತು. ಓದಿದವಳು ನಾನು, ಗೋಡೆಯ ಕೆಳಗೆ ಕೂತವರು ಇವರು. "ಕಾಕಾ, ಅರ್ಜಿಗೆ ಇಪ್ಪತ್ತು ರೂಪಾಯಿ ತಗೋತೀರಿ. ಎಲ್ಲಾರೂ ಬ್ಯಾರೆ ಬ್ಯಾರೆ ಬರೆಸಿದ್ರ ಲಾಭ ಯಾರಿಗ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ಕೊಡಂಬಲದ ಒಬ್ಬಾಕೆ, "ಬಿ.ಎ. ಪಾಸಾದಾಕಿ ಹೇಳಾಕತ್ತಾಳ, ಇನ್ನ ನಿಮ್ಮ ಟಕಟಕ ಯಾಕ ಕಾಕಾ?" ಎಂದಳು.

"ಲಾಭ ನನಗೇ," ಎಂದರು ಕಾಕಾ, ನನ್ನ ಮುಖವನ್ನೇ ನೋಡುತ್ತ. "ಆದ್ರ ಮಾತು ಖರೆ ಅದ."

ಯಾರೂ ಕೇಳಲಿಲ್ಲ. ಗುಂಪು ನನ್ನ ಹಿಂದೆ ಝೆರಾಕ್ಸ್ ಅಂಗಡಿಗೆ ನಡೆಯಿತು. ಅವತ್ತು ನನ್ನ ಹೆಜ್ಜೆ ನೆಲಕ್ಕೆ ತಾಗಿರಲಿಲ್ಲ.

ವಿಚಾರಣೆಯ ದಿನ ಹುಮನಾಬಾದಿನ ಆ ಸಭಾಂಗಣ ತುಂಬಿ ಹೊರಗೂ ಜನ ನಿಂತಿತ್ತು. ನಮ್ಮ ಸುಮಾರು ಇನ್ನೂರು ಅರ್ಜಿಗಳ ಕಟ್ಟನ್ನು ಅಧಿಕಾರಿ ಬಿಚ್ಚಿದರು. ಮೇಲಿನದನ್ನು ಓದಿದರು, ನಡುವಿನದೊಂದು ಎಳೆದು ನೋಡಿದರು, ಕಡೆಯದನ್ನು ನೋಡಿದರು. ಪಕ್ಕದ ಗುಮಾಸ್ತನಿಗೆ, "ಎಲ್ಲವೂ ಒಂದೇ ನಮೂನೆ. ಆಕ್ಷೇಪಣೆ ಒಂದು ಅಂತ ಬರೆದುಕೊಳ್ಳಿ," ಎಂದರು. ಕಟ್ಟು ಮತ್ತೆ ದಾರ ಬಿಗಿಸಿಕೊಂಡು ಮೇಜಿನ ಕೆಳಗೆ ಹೋಯಿತು.

ಆಮೇಲೆ ಬೇರೆ ಹನ್ನೊಂದು ಅರ್ಜಿಗಳು ಬಂದವು, ಕಾಕಾ ಟೈಪ್ ಮಾಡಿಕೊಟ್ಟವು, ಒಂದರಂತೆ ಒಂದಿಲ್ಲ. ಅವನ್ನು ಒಂದೊಂದಾಗಿ ಓದಲೇಬೇಕಾಯಿತು. ಹೆಸರು ಕೂಗಿದ ಹಾಗೆ ಒಬ್ಬೊಬ್ಬರು ಎದ್ದು ನಿಂತರು. ನಾಲ್ಕನೆಯ ಹೆಸರಿಗೆ ಎದ್ದವಳು ನಮ್ಮವ್ವ.

ನನಗೆ ಹೇಳದೆ ಹೋಗಿ ಬರೆಸಿದ್ದಳು! ಅಧಿಕಾರಿ ಓದಿದರು, ನಮ್ಮ ಕಡೆಯ ಮಾತು ಅವರ ಬಾಯಲ್ಲಿ ತಡವರಿಸುತ್ತ: "ನಾ ಮಕ್ಕಳಿಗಿ ನೀಡುವಾಗ, ಇವತ್ತ ಬಜಾರ ಬಿದ್ದದ, ಅರ್ಧಾ ತಾಟ ಉಣ್ರಿ ಅಂತ ಒಂದಿನಾನೂ ಅಂದಿಲ್ಲ. ನನಗ್ಯಾಕ ಅಂತೀರಿ?" ಸಭೆ ನಕ್ಕಿತು. ಆಮೇಲೆ ನಗು ತಾನಾಗಿಯೇ ನಿಂತಿತು. ಅಧಿಕಾರಿ ತಲೆ ಎತ್ತಿ ಅವ್ವನನ್ನು ನೋಡಿದರು, ಬರೆದುಕೊಳ್ಳಿ ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಕೇಳಿದೆ, ಯಾಕೆ ಹೋದೆ ಎಂದು. ಅವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. "ನಿಂದು ಛಂದ ಇತ್ತು ಬಿಡು. ಅದರಾಗ ನಾ ಎಲ್ಲೂ ಇದ್ದಿಲ್ಲ."

ಸ್ವಲ್ಪ ದಿನಕ್ಕೆ ಆ ಯೋಜನೆಯನ್ನು ಸದ್ಯಕ್ಕೆ ಮುಂದೂಡಲಾಗಿದೆ ಎಂಬ ಸುದ್ದಿ ಬಂತು. ಹನ್ನೊಂದು ಅರ್ಜಿಗಳಿಂದಲೇ ಹಾಗಾಯಿತೋ, ಬೇರೇನಾದರೂ ಲೆಕ್ಕಾಚಾರವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದೂಡಿದ್ದಾರೆ, ರದ್ದು ಮಾಡಿಲ್ಲ. ಅವ್ವನಿಗೆ ಪಿಂಚಣಿಯೂ ಬಂದಿಲ್ಲ.

ಕಾಕಾನ ಹತ್ತಿರ ನಾನು ಮತ್ತೆ ಹೋಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ ಎನ್ನುವುದೇ ನಿಜ. ತಹಸೀಲ್ ಕಚೇರಿಗೆ ಕೆಲಸವಿದ್ದರೆ ಹಿಂದಿನ ಗೇಟಿನಿಂದ ಹೋಗಿ ಬರುತ್ತಿದ್ದೆ. ನನಗೆ ನೌಕರಿ ಸಿಕ್ಕಾಗ ಸಹಿ ಮಾಡಿಸಿಕೊಂಡ ಕಾಗದಗಳಲ್ಲಿ ಒಂದು, ನನ್ನ ಮುಪ್ಪಿನ ಹಣವನ್ನೂ ಮಾರುಕಟ್ಟೆಗೆ ಕಟ್ಟುವಂಥದ್ದೇ ಆಗಿತ್ತು. ಕಾಕಾಗೆ ಒಮ್ಮೆ ತೋರಿಸಬೇಕು ಎನಿಸಿತು... ತೋರಿಸಲಿಲ್ಲ. ಒಂದು ದಿನ ನೋಡಿದರೆ ಆ ತಗಡೂ ಇರಲಿಲ್ಲ.

ಹೋದ ತಿಂಗಳು ನನ್ನ ಮೇಜಿಗೆ ಬಂದ ಅವರ ಅರ್ಜಿಯಲ್ಲಿ ತಿದ್ದುವಂಥದ್ದು ಒಂದಕ್ಷರವೂ ಇರಲಿಲ್ಲ. ತಪ್ಪಾಯಿತು ಎಂದು ಯಾರಿಗೆ ಹೇಳಬೇಕಿತ್ತೋ ಅವರ ಹೆಸರಿನ ಕೆಳಗೆ ನಾನೇ ಮುದ್ರೆ ಒತ್ತಿದೆ.

ಅವರ ಹೆಂಡತಿ ಪ್ರಮಾಣಪತ್ರ ಒಯ್ಯಲು ಬಂದಾಗ ಎದ್ದು ನಿಂತು, ಎರಡೂ ಕೈಯಿಂದ ಕೊಟ್ಟೆ. ಅವರು ಅದನ್ನು ಸೆರಗಿನೊಳಗೆ ಇಟ್ಟುಕೊಂಡು ನನ್ನನ್ನೇ ನೋಡಿದರು.

"ನೀ ಮುಡಬಿ ಅಡಗಿಯಾಕಿ ಮಗಳಲ್ಲೇನವ್ವ?"

"ಹೌದ್ರಿ ಕಾಕಿ."

"ಅವರಿಗಿ ನಿನ್ನ ಮ್ಯಾಲ ಸಿಟ್ಟಿದ್ದಿಲ್ಲ ನೋಡು. ಅಷ್ಟು ಶಾಣೇ ಹುಡುಗಿ, ತಾನಾಗೇ ಮಂದಿನ್ನ ಝೆರಾಕ್ಸಿಗಿ ಕರಕೊಂಡು ಹೋಗಂಗಿಲ್ಲ ಅಂತಿದ್ರು. ಕಡೀತನಕ ಅದನ್ನೇ ಕೇಳಿದ್ರು... ಆಕಿನ್ನ ಕಳಿಸಿದವರು ಯಾರು ಅಂತ."